ಗುರಿ ತಪ್ಪದ ಕೋವಿ ಎಂದು ಬರೆದದ್ದು ನಾವೇ

2021ರ ಸೆಪ್ಟೆಂಬರ್ 3, ಕೈಲ್ ಮುಹೂರ್ತದ ಮಧ್ಯಾಹ್ನ. ಮಾವನ ಮನೆಯ ಕಣದ ಆಚೆಗಿನ ದರೆಗೆ ಆನಿಸಿ ಇಟ್ಟ ಒಂದು ತೆಂಗಿನಕಾಯಿಗೆ ಮಾವ ನಾಲ್ಕು ಈಡು ಹೊಡೆದರು. ನಾಲ್ಕೂ ತಪ್ಪಿದವು. ಸಾಮಾನ್ಯವಾಗಿ ಕಾಯಿಯನ್ನು ಮರದ ತುದಿಗೆ ಕಟ್ಟುತ್ತಾರೆ. ಆದರೆ ಇದು ಆನೆ ಹೊಡೆಯಲೆಂದೇ ಮಾಡಿದ ಜೋಡುನಳಿಗೆ ರೈಫಲ್, ಗುಂಡು ಮರ ದಾಟಿ ಯಾರ ತೋಟಕ್ಕೆ ಹೋಗಿ ಬೀಳುತ್ತದೋ ಎಂದು ದರೆಗೆ ಇಟ್ಟಿದ್ದರು. ಹಾಗಾಗಿ ತಪ್ಪಿದ್ದು ಎಲ್ಲರಿಗೂ ಕಂಡಿತು. ಕಾಯಿಯ ಬಲಕ್ಕೆ ಎರಡು ಸಲ ಕೆಮ್ಮಣ್ಣು ಹಾರಿತು, ಎಡಕ್ಕೆ ಎರಡು ಸಲ. ಕಾಯಿ ಇದ್ದಲ್ಲೇ ಇತ್ತು.

ಮಕ್ಕಳು ನಕ್ಕರು. ದೊಡ್ಡವರು ನಗಲಿಲ್ಲ, ಅದೇ ಕಷ್ಟವಾದದ್ದು. ಮಾವ ಕೋವಿಯನ್ನು ಮಡಚಿ ಖಾಲಿ ತೋಟಾ ತೆಗೆದು, ಜೇಬಿಗೆ ಹಾಕಿಕೊಂಡು, "ಕಣ್ಣು ಮಂಜಾಗಿದೆ" ಎಂದರು. ಆಮೇಲೆ ಕಡುಬು, ಹಂದಿ ಸಾರಿನ ಊಟಕ್ಕೆ ಎಲ್ಲರನ್ನೂ ಎಬ್ಬಿಸಿದರು. ಊಟದ ಹೊತ್ತಿನಲ್ಲಿ ನಮ್ಮ ಮುಖ ನೋಡಲಿಲ್ಲ. ನಾವೂ ಅವರ ಮುಖ ನೋಡಲಿಲ್ಲ. ಆ ಕೋವಿಯನ್ನು ಅವರು ಕೊಂಡದ್ದು ನಾವು ಬರೆದ ಒಂದು ಲೇಖನ ಓದಿ.

ನಾವು ಅಂದರೆ ಇಬ್ಬರು. ಒಬ್ಬರು ಬರೆಯುತ್ತೇವೆ, ಒಬ್ಬರು ಫೋಟೊ ತೆಗೆಯುತ್ತೇವೆ, ಬೈಕು ಒಂದೇ. ಅಕ್ಕತಂಗಿಯರ ಮಕ್ಕಳು, ಹಾಗಾಗಿ ಮಾವ ಇಬ್ಬರಿಗೂ ಮಾವ. ಡಿಪ್ಲೊಮಾ ಮುಗಿಸಿದ ವರ್ಷದಿಂದ ಒಂದೇ ಪತ್ರಿಕೆಗೆ ಬಿಡಿ ಸುದ್ದಿ ಕಳಿಸುತ್ತಿದ್ದೇವೆ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎನ್ನುವ ಲೆಕ್ಕ, ತಿಂಗಳ ಕೊನೆಗೆ ಪೆಟ್ರೋಲು ಕಳೆದು ಉಳಿದದ್ದು ನಮ್ಮದು. ಮಾವನ ಮನೆಯಲ್ಲಿ ಆಡುವುದು ಅರೆಭಾಷೆ. ಇಲ್ಲಿ ಎಲ್ಲರಿಗೂ ಅರ್ಥವಾಗಲೆಂದು ಮಾತುಗಳನ್ನೆಲ್ಲ ಕನ್ನಡಕ್ಕೆ ತಂದಿದ್ದೇವೆ.

ಕೊಡಗಿನ ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ಇಲ್ಲಿ ಕೋವಿ ಅಂದರೆ ಬರೀ ಆಯುಧ ಅಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಕೈಲ್ ಮುಹೂರ್ತದ ದಿನ ಕೋವಿಗಳನ್ನು ಒರೆಸಿ, ದೀಪದ ಮುಂದೆ ಸಾಲಾಗಿ ಇಟ್ಟು, ಕಾಡಿನಿಂದ ತಂದ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. ಈಗಿನ ವಿನಾಯಿತಿ 2029ರವರೆಗೆ ಇದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟು ತಳ್ಳಿಹಾಕಿದ್ದು ಮಾವ ಗುರಿ ತಪ್ಪಿದ ಅದೇ ಸೆಪ್ಟೆಂಬರಿನಲ್ಲಿ. ಆ ಸುದ್ದಿಯ ಬೆನ್ನು ಹತ್ತಿ ನಾವು ಮಡಿಕೇರಿಯಲ್ಲಿ ಅವರಿವರ ಪ್ರತಿಕ್ರಿಯೆ ಕೇಳುತ್ತಾ ತಿರುಗುತ್ತಿದ್ದಾಗಲೂ ತಲೆಯಲ್ಲಿದ್ದದ್ದು ದರೆಯ ಮೇಲಿನ ಆ ನಾಲ್ಕು ಗುರುತು.

ಲೇಖನದ ಕತೆ ಹೀಗೆ. 2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಪರವಾನಗಿ ಮೇಲೆ ಮೂರು ಕೋವಿ ಇಟ್ಟುಕೊಂಡವರು ಇನ್ನು ಎರಡೇ ಇಟ್ಟುಕೊಳ್ಳಬೇಕು, ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕು. ಮಲೆನಾಡಿನ ಹಳೆಯ ತೋಟದ ಮನೆಗಳಿಂದ ಅಜ್ಜಂದಿರ ಕಾಲದ ಕೋವಿಗಳು ಹೊರಗೆ ಬರಲು ಶುರುವಾದದ್ದು ಆಗ. 2020ರ ಆಗಸ್ಟಿನಲ್ಲಿ, ಕೊರೊನಾದಿಂದ ಹಬ್ಬದ ಸುದ್ದಿಯೂ ಇಲ್ಲದೆ ಕೈ ಖಾಲಿ ಕೂತಿದ್ದಾಗ, ಪಕ್ಕದ ಜಿಲ್ಲೆಯ ಒಂದು ಕೋವಿ ಅಂಗಡಿಗೆ ಹೋದೆವು. 'ಮನೆ ಬಿಟ್ಟ ಕೋವಿಗಳು' ಎಂದು ಪುರವಣಿಗೆ ಬರೆಯುವುದು ನಮ್ಮ ಯೋಚನೆ.

ಅಂಗಡಿಯವರು ಒಳಗಿಂದ ಒಂದು ಪೆಟ್ಟಿಗೆ ತಂದು ಮುಚ್ಚಳ ತೆಗೆದರು. ಒಳಗೆಲ್ಲ ಕೆಂಪು ಬಟ್ಟೆ. ಅದರಲ್ಲಿ ಅಕ್ರೋಟು ಮರದ ಹಿಡಿ ಒಂದು ಕಡೆ, ನಳಿಗೆಗಳು ಒಂದು ಕಡೆ. ಇಂಗ್ಲೆಂಡಿನ ಮಾಡಿಕೆ, ಪಾಯಿಂಟ್ 470. ಉಕ್ಕಿನ ಮೇಲೆ ಬಳ್ಳಿ, ಎಲೆಗಳ ಕೆತ್ತನೆ, ಎಷ್ಟು ಸಣ್ಣದೆಂದರೆ ಉಗುರಿನಿಂದ ಸವರಿದರೆ ಮಾತ್ರ ಗೊತ್ತಾಗುತ್ತದೆ. ಮಡಚಿ ಮುಚ್ಚಿದರೆ ಬರುವ 'ಟಕ್' ಶಬ್ದಕ್ಕೇ ಬೆಲೆ ಕೊಡಬೇಕು ಅನ್ನುವಂತಿತ್ತು. ನಾವು ಹೈಸ್ಕೂಲಿನಲ್ಲಿ ತೇಜಸ್ವಿಯವರ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವನ್ನು ಲೈಬ್ರರಿಯಿಂದ ತಂದು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಓದಿದವರು. ಕಾರ್ಬೆಟ್ ಹತ್ತಿರ ಜೋಡುನಳಿಗೆ ಇತ್ತು, ಕೆನೆತ್ ಆಂಡರ್ಸನ್ ಹತ್ತಿರ ಪಾಯಿಂಟ್ 405 ವಿಂಚೆಸ್ಟರ್ ಇತ್ತು ಎಂಬುದೆಲ್ಲ ಬಾಯಿಪಾಠ. ಅಂಥ ಕೋವಿ ಕೈಗೆ ಬಂದಾಗ ನಾವು ವರದಿಗಾರರಾಗಿ ಉಳಿಯಲಿಲ್ಲ, ಹುಡುಗರಾದೆವು.

ಲೇಖನ ಚೆನ್ನಾಗಿಯೇ ಬಂತು. ಇತಿಹಾಸ ಹುಡುಕಿ ತೆಗೆದಿದ್ದೆವು. ಬ್ರಿಟಿಷರು 1907ರಲ್ಲಿ ಪಾಯಿಂಟ್ 450 ಅಳತೆಯ ರೈಫಲ್‌ಗಳನ್ನು ಇಂಡಿಯಾದಲ್ಲೂ ಸುಡಾನಿನಲ್ಲೂ ನಿಷೇಧಿಸಿದರು, ಅದೇ ಅಳತೆಯ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳಿಗೆ ಗುಂಡು ಸಿಕ್ಕಿ ಬಂಡಾಯಗಾರರ ಕೈ ಬಲವಾದೀತು ಎಂಬ ಹೆದರಿಕೆಯಿಂದ. ಇಂಡಿಯಾದಲ್ಲಿ ವ್ಯಾಪಾರ ನಿಲ್ಲಬಾರದೆಂದು ಇಂಗ್ಲೆಂಡಿನ ಕೋವಿ ಮನೆಗಳು ಕೂದಲೆಳೆ ಬೇರೆ ಅಳತೆ ಹಿಡಿದವು. ಹಾಲೆಂಡ್ ಅಂಡ್ ಹಾಲೆಂಡ್‌ನವರು 465, ಜೋಸೆಫ್ ಲ್ಯಾಂಗ್ 470, ಇನ್ನು ಕೆಲವರು 475. ಅಂದರೆ ನಮ್ಮ ಮುಂದಿದ್ದ ಆ ಕೋವಿಯ ಅಳತೆ ಹುಟ್ಟಿದ್ದೇ ನಮ್ಮ ದೇಶದ ಒಂದು ಕಾನೂನಿನಿಂದ. ಇದನ್ನೆಲ್ಲ ಇಸವಿ ಸಮೇತ ಸರಿ ನೋಡಿ ಬರೆದೆವು. ಕೊನೆಯ ಪ್ಯಾರಾದಲ್ಲಿ ಒಂದು ಸಾಲು: 'ನೂರು ವರ್ಷದ ಹತ್ತಿರ ಬಂದರೂ ಇವತ್ತಿಗೂ ಗುರಿ ತಪ್ಪದ ಕೋವಿ ಇದು.'

ಅದನ್ನು ನಾವು ಯಾರೂ ಹೊಡೆದು ನೋಡಿರಲಿಲ್ಲ.

ಮಾವ ಲೇಖನ ಓದಿದ್ದು ಹಬ್ಬದ ದಿನ. ಮೂರು ಸಲ ಓದಿದರಂತೆ, ಅತ್ತೆ ಆಮೇಲೆ ಹೇಳಿದರು. ಮಾವನ ಅಪ್ಪ ಒಬ್ಬ ದೊರೆಯ ತೋಟದಲ್ಲಿ ಮೇಸ್ತ್ರಿಯಾಗಿದ್ದವರು. ದೊರೆ ಕಾಡಿಗೆ ಹೋಗುವಾಗ ಜೋಡುನಳಿಗೆಯನ್ನು ಹೆಗಲ ಮೇಲೆ ಹೊತ್ತು ಹಿಂದೆ ನಡೆಯುವುದು ಅವರ ಕೆಲಸ. ಹೊತ್ತದ್ದು ಅಷ್ಟೇ, ಒಂದು ಸಲವೂ ಹೊಡೆಯಲಿಲ್ಲ. ಐದು ಕಿಲೋ ತೂಕದ ಕೋವಿಯನ್ನು ಹೊತ್ತು ಹೊತ್ತು ಬಲ ಹೆಗಲಿನಲ್ಲಿ ಗಂಟು ಬಿದ್ದಿತ್ತು ಎಂದು ಮಾವ ಹೇಳುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಎಂಬುದೇ ಮುಗಿಯಿತು. ಮಾವನಿಗೆ ಬೇಟೆಯ ಆಸೆಯೂ ಇರಲಿಲ್ಲ. ಅಪ್ಪ ಹೊತ್ತಂಥ ಕೋವಿ ತಮ್ಮ ಮನೆಯ ದೀಪದ ಮುಂದೆ ಹೂ ಮುಡಿದು ನಿಲ್ಲಬೇಕು, ವರ್ಷಕ್ಕೊಮ್ಮೆ ಒಂದು ಕಾಯಿ ಒಡೆಯಬೇಕು, ಅಷ್ಟೇ.

2021ರ ಮಾರ್ಚಿನಲ್ಲಿ ಕಾಫಿ ಮಾರಿದ ಹಣ, ಹಿಂದಿನ ವರ್ಷದ ಕರಿಮೆಣಸಿನ ಹಣ, ಕಣಕ್ಕೆ ಕಾಂಕ್ರೀಟ್ ಹಾಕಿಸಲು ಅತ್ತೆ ಎತ್ತಿಟ್ಟಿದ್ದ ಹಣ, ಮೂರೂ ಸೇರಿ ಆ ಪೆಟ್ಟಿಗೆಗೆ ಹೋಯಿತು. ಕೋವಿಯ ಜೊತೆ ಹತ್ತು ಹಳೆಯ ತೋಟಾ. ನಮಗೆ ಗೊತ್ತಾದದ್ದು ತಂದ ಮೇಲೆ. ಅಂಗಡಿಯಲ್ಲಿ ನಮ್ಮ ಲೇಖನವನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿ ಗೋಡೆಗೆ ಹಾಕಿದ್ದಾರೆ ಎಂದು ಮಾವ ಹೆಮ್ಮೆಯಿಂದ ಹೇಳಿದರು. ನಿಜ ಹೇಳಬೇಕೆಂದರೆ ನಮಗೂ ಆಗ ಹೆಮ್ಮೆಯೇ ಆಯಿತು.

ಹಬ್ಬ ಕಳೆದು ಹತ್ತು ದಿನಕ್ಕೆ ಪಕ್ಕದ ತೋಟದ ನಿವೃತ್ತ ಸುಬೇದಾರರನ್ನು ಕರೆದುಕೊಂಡು ಬಂದೆವು. ಮಾವನ ಕಣ್ಣೋ ಕೋವಿಯೋ ಎಂಬುದು ಇತ್ಯರ್ಥವಾಗಬೇಕಿತ್ತು. ಗೊಬ್ಬರದ ಚೀಲಕ್ಕೆ ಹಳೆಯ ಪೇಪರು ಅಂಟಿಸಿ, ನಡುವೆ ಮಸಿಯಿಂದ ಒಂದು ಬೊಟ್ಟು ಇಟ್ಟು, ದರೆಗೆ ಗೂಟ ಹೊಡೆದು ಕಟ್ಟಿದೆವು. 50 ಗಜ ಅಳೆದೆವು. ಸುಬೇದಾರರು ಮೇಜಿನ ಮೇಲೆ ತೌಡಿನ ಚೀಲ ಇಟ್ಟು, ಅದರ ಮೇಲೆ ಕೋವಿ ಊರಿ, ಬಲದ ನಳಿಗೆಯಿಂದ ಎರಡು, ಎಡದ ನಳಿಗೆಯಿಂದ ಎರಡು ಹೊಡೆದರು. ಪ್ರತಿ ಈಡಿನ ಮೇಲೂ ನಳಿಗೆ ತಣ್ಣಗಾಗುವವರೆಗೆ ಕಾದರು. 32 ಗ್ರಾಮಿನ ಗುಂಡು. ಒದೆತಕ್ಕೆ ಮೇಜೇ ಹಿಂದೆ ಸರಿಯುತ್ತಿತ್ತು. ಅತ್ತೆ ಒಳಗೆ ಕಿವಿ ಮುಚ್ಚಿಕೊಂಡು, ಒಂದೊಂದು ಶಬ್ದಕ್ಕೂ "ಅಯ್ಯೋ, ಇನ್ನೂರು ಚದರಡಿ ಕಣ ಹೋಯಿತು" ಎನ್ನುತ್ತಿದ್ದರು.

ಪೇಪರು ಬಿಚ್ಚಿ ತಂದು ಜಗಲಿಯಲ್ಲಿ ಹಾಸಿದೆವು. ಬಲದ ಎರಡು ತೂತು ಅಕ್ಕಪಕ್ಕ, ಎರಡು ಬೆರಳಿನ ಅಂತರ. ಎಡದ ಎರಡೂ ಹಾಗೇ ಅಕ್ಕಪಕ್ಕ. ಆದರೆ ಬಲದ ಜೋಡಿ ಬೊಟ್ಟಿನಿಂದ ಅರ್ಧ ಗೇಣಿಗಿಂತ ಹೆಚ್ಚು ಬಲಕ್ಕೆ, ಎಡದ ಜೋಡಿ ಒಂದು ಗೇಣು ಎಡಕ್ಕೆ, ಕೊಂಚ ಕೆಳಗೆ. ಸುಬೇದಾರರು ತುಂಬಾ ಹೊತ್ತು ನೋಡಿ, "ಎರಡೂ ನಳಿಗೆ ಒಳ್ಳೆಯವೇ. ಒಂದಕ್ಕೊಂದು ಮಾತು ಬಿಟ್ಟಿವೆ" ಎಂದರು.

ಮಾವ ತಕ್ಷಣ ಹೇಳಿದ್ದು, "ಸರಿ ಹಾಗಾದರೆ. ಬಲದ್ದಕ್ಕೆ ಸ್ವಲ್ಪ ಎಡಕ್ಕೆ ಹಿಡಿದರಾಯಿತು, ಎಡದ್ದಕ್ಕೆ ಬಲಕ್ಕೆ ಹಿಡಿದರಾಯಿತು."

"ಮಾವ, ವಾಪಸ್ ಕೊಡೋಣ" ಎಂದೆವು.

"ದೀಪದ ಮುಂದೆ ಇಟ್ಟು ಹೂ ಮುಡಿಸಿದ್ದನ್ನು ವಾಪಸ್ ಕೊಡುವುದಾ? ಇರಲಿ ಬಿಡಿ. ನನ್ನ ಸಾವಿಗೆ ಹೊಡೆಯುವ ಎರಡು ಈಡಿಗೆ ಗುರಿ ಏನೂ ಬೇಡವಲ್ಲ, ಆಕಾಶಕ್ಕೆ ಹೊಡೆದರೆ ಸಾಕು."

ಅತ್ತೆ ಒಳಗಿಂದಲೇ ಉತ್ತರ ಕೊಟ್ಟರು. "ಕೊಂಬಿಗೆ ಹೂ ಕಟ್ಟಿ ಮನೆ ತುಂಬಿಸಿಕೊಂಡ ಎತ್ತು ಕುಂಟುತ್ತದೆ ಎಂದು ಮರುಸಂತೆಗೆ ಹೊಡೆದುಕೊಂಡು ಹೋಗಲಿಲ್ಲವಾ ನಿಮ್ಮ ಅಪ್ಪ? ಅವರಿಗಿಂತ ದೊಡ್ಡವರಾ ನೀವು?"

ಮಾವನಿಗೆ ದೇವರ ಅಡ್ಡಿಗಿಂತ ನಾಚಿಕೆಯ ಅಡ್ಡಿ ಹೆಚ್ಚು. ಕೊಂಡದ್ದು ಊರಿಗೆಲ್ಲ ಗೊತ್ತು. ವಾಪಸ್ ಕೊಟ್ಟರೆ ಮೋಸ ಹೋದದ್ದೂ ಊರಿಗೆಲ್ಲ ಗೊತ್ತಾಗುತ್ತದೆ. ಇನ್ನೊಂದು ಕಾರಣ ಅವರು ಹೇಳಲಿಲ್ಲ, ನಮಗೆ ಅರ್ಥವಾಯಿತು. ವಾಪಸ್ ಕೊಡುವುದೆಂದರೆ ಅಳಿಯಂದಿರು ಬರೆದದ್ದು ಸುಳ್ಳು ಎಂದು ಒಪ್ಪಿದ ಹಾಗೆ. ಅವರು ಮುಚ್ಚಿಡುತ್ತಿದ್ದದ್ದು ತಮ್ಮ ಮರ್ಯಾದೆಯನ್ನಷ್ಟೇ ಅಲ್ಲ.

ಮುಂದಿನ ವಾರ ಕೋವಿ ರಿಪೇರಿ ಮಾಡುವ ಒಬ್ಬ ಆಚಾರಿಯ ಶೆಡ್ಡಿಗೆ ಹೋದೆವು. ಎಪ್ಪತ್ತು ದಾಟಿದವರು, ತೋಟದ ದೊರೆಗಳ ಕೋವಿಗಳನ್ನು ಬಿಚ್ಚಿ ಜೋಡಿಸುತ್ತಿದ್ದ ಅಪ್ಪನ ಹತ್ತಿರ ಕಲಿತವರು. ಅವರಿಂದ ಆ ಮಧ್ಯಾಹ್ನ ಕಲಿತದ್ದನ್ನು ಲೇಖನ ಬರೆಯುವ ಮೊದಲೇ ಕಲಿತಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ಜೋಡುನಳಿಗೆ ರೈಫಲ್ಲಿನ ಎರಡು ನಳಿಗೆಗಳು ನೋಡಲು ರೈಲು ಹಳಿಯ ಹಾಗೆ ಸಮವಾಗಿವೆ ಅನ್ನಿಸುತ್ತದೆ. ಸಮವಾಗಿರುವುದಿಲ್ಲ. ಹಿಂದೆ ಅಗಲ, ಬಾಯಿಯ ಹತ್ತಿರ ಒಂದಕ್ಕೊಂದು ಕೊಂಚ ಓರೆಯಾಗಿ ಬಾಗಿರುತ್ತವೆ. ಯಾಕೆಂದರೆ ಬಲದ ನಳಿಗೆ ಹೊಡೆದಾಗ ಕೋವಿ ನೇರ ಹಿಂದಕ್ಕೆ ಒದೆಯುವುದಿಲ್ಲ, ಮೇಲಕ್ಕೂ ಬಲಕ್ಕೂ ತಿರುಗುತ್ತದೆ, ಗುಂಡು ಇನ್ನೂ ನಳಿಗೆಯ ಒಳಗೆ ಓಡುತ್ತಿರುವಾಗಲೇ. ಎಡದ್ದು ಹೊಡೆದರೆ ಎಡಕ್ಕೆ. ಆ ತಿರುಗುವಿಕೆಯನ್ನು ಲೆಕ್ಕ ಹಿಡಿದು ನಳಿಗೆಗಳನ್ನು ಒಳಮುಖವಾಗಿ ಕೂಡಿಸಿರುತ್ತಾರೆ. ಆದರೆ ಎಷ್ಟು ಒಳಮುಖ ಎಂಬುದನ್ನು ಕಾಗದದ ಲೆಕ್ಕ ಪೂರ್ತಿ ಹೇಳುವುದಿಲ್ಲ. ಅದಕ್ಕೇ ಒಬ್ಬ ಕಸುಬುದಾರ ಇರುತ್ತಾನೆ. ಎರಡು ನಳಿಗೆಯ ಬಾಯಿಗಳ ನಡುವೆ ಒಂದು ಸಣ್ಣ ಬೆಣೆ ಇಟ್ಟು ತವರದ ಬೆಸುಗೆ ಹಾಕಿ, ಹೊಡೆದು ನೋಡುತ್ತಾನೆ. ಬೆಸುಗೆ ಕರಗಿಸಿ, ಬೆಣೆಯನ್ನು ಕೂದಲಷ್ಟು ಸರಿಸಿ, ಮತ್ತೆ ಬೆಸೆದು ಮತ್ತೆ ಹೊಡೆಯುತ್ತಾನೆ. ಎರಡೂ ನಳಿಗೆ ಒಂದೇ ಕಡೆ ಹೊಡೆಯುವವರೆಗೆ ಇದೇ ಕೆಲಸ. ಇಂಥ ಕೋವಿಗೆ ಅಷ್ಟು ಬೆಲೆ ಬರುವುದು ಕೆತ್ತನೆಯಿಂದಲ್ಲ, ಈ ಬೆಣೆಯಿಂದ ಎಂದರು ಆಚಾರಿ.

ಅದೂ ಒಂದು ತೂಕದ ಗುಂಡಿಗೆ, ಒಂದು ಅಳತೆಯ ಮದ್ದಿಗೆ ಮಾತ್ರ ಕೂಡಿಸಿದ ಜೋಡಿ. ಮದ್ದು ಕಡಿಮೆ ಜೋರಿನದಾದರೆ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಕೋವಿ ಹೆಚ್ಚು ತಿರುಗಿರುತ್ತದೆ, ಈಡುಗಳು ಅಗಲವಾಗುತ್ತವೆ. ಮದ್ದು ಜೋರಾದರೆ ಒಂದನ್ನೊಂದು ದಾಟಿ ಅಡ್ಡಾಡುತ್ತವೆ. ಬಿಸಿಲಿಗೆ ಹಳೆಯ ಕಾರ್ಡೈಟ್ ಮದ್ದು ಜೋರಾಗುತ್ತದೆಂದು ಇಂಡಿಯಾ, ಆಫ್ರಿಕಾದ ಸೆಕೆಗೆ ಮದ್ದು ಕಡಿಮೆ ಮಾಡಿದ ಬೇರೆ ತೋಟಾಗಳನ್ನೇ ಮಾಡುತ್ತಿದ್ದರಂತೆ. ಇಷ್ಟು ಕೇಳಿದಾಗ ನಮಗೆ ಒಂದು ಆಸೆ ಹುಟ್ಟಿತು. ಹಾಗಾದರೆ ತಪ್ಪು ಕೋವಿಯದಲ್ಲ, ಹಳೆಯ ತೋಟಾದ್ದು ಇರಬಹುದು. ಹಾಗಾದರೆ ನಮ್ಮ ಸಾಲೂ ಪೂರ್ತಿ ಸುಳ್ಳಲ್ಲ!

ಆಚಾರಿ ಮಾತಾಡದೆ ನಳಿಗೆಗಳನ್ನು ಬಿಚ್ಚಿ, ಅಳತೆಪಟ್ಟಿ ಹಿಡಿದರು. "ಇಪ್ಪತ್ತಮೂರು ಇಂಚಿಗೆ ಒಂದು ನೂಲು ಕಡಿಮೆ. ಈ ಅಳತೆಗೆ ಯಾರೂ ಹೊಸ ಕೋವಿ ಮಾಡುವುದಿಲ್ಲ." ಆಮೇಲೆ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ತೋರಿಸಿದರು. ಅರದ ಗೆರೆಗಳು. ಗುರಿ ನೋಡುವ ಮಣಿಯ ಕೆಳಗಿನ ಬೆಸುಗೆ ಬೇರೆ ಬಣ್ಣದ್ದು. ಯಾವಾಗಲೋ ಯಾರೋ ಬಾಯಿಗೆ ಮಣ್ಣು ತುಂಬಿದ್ದು ಗೊತ್ತಾಗದೆ ಹೊಡೆದಿರಬೇಕು, ನಳಿಗೆಯ ಬಾಯಿ ಉಬ್ಬಿರಬೇಕು. ಉಬ್ಬಿದ್ದನ್ನು ಕತ್ತರಿಸಿ, ಮಣಿಯನ್ನು ಹಿಂದಕ್ಕೆ ತಂದು ಅಂಟಿಸಿದ್ದಾರೆ. ಎರಡು ಮೂರು ಇಂಚು ಹೋಗಿದೆ. ಅದರ ಜೊತೆಗೆ ಆ ಬೆಣೆಯೂ ಹೋಗಿದೆ.

"ಮತ್ತೆ ಕೂಡಿಸಬಹುದಾ?"

"ಕೂಡಿಸಲು ಎಷ್ಟು ತೋಟಾ ಸುಡಬೇಕೋ ಹೇಳಲು ಬರುವುದಿಲ್ಲ. ಇದರ ತೋಟಾ ಅಂಗಡಿಯಲ್ಲಿ ಸಿಗುವ ಹನ್ನೆರಡು ಬೋರಿನದಲ್ಲ. ನನ್ನ ಕೈಯಲ್ಲಿ ಆಗದು. ಆಗುತ್ತದೆ ಎಂದು ಹೇಳಿ ನಿಮ್ಮ ಹಣ ತಿನ್ನುವುದಿಲ್ಲ." ಚಹಾ ತರಿಸಿದರು, ಹಣ ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಲೇಖನಕ್ಕೆ ತೆಗೆದ ಫೋಟೊಗಳನ್ನು ತೆರೆದೆವು. ಕೆತ್ತನೆಯ ಫೋಟೊಗಳೇ ನಲವತ್ತು. ನಳಿಗೆಯ ಬಾಯಿ ಕಾಣುವುದು ಒಂದೇ ಒಂದು ಫೋಟೊದಲ್ಲಿ, ಅದೂ ಮೂಲೆಯಲ್ಲಿ. ದೊಡ್ಡದು ಮಾಡಿ ನೋಡಿದರೆ ಮಣಿಯ ಬುಡದಲ್ಲಿ ಬೆಸುಗೆಯ ಬಿಳಿ ಗೆರೆ ಚೆನ್ನಾಗಿಯೇ ಬಿದ್ದಿದೆ. ವರ್ಷದ ಹಿಂದೆಯೇ ನಮ್ಮ ಹಾರ್ಡ್ ಡಿಸ್ಕಿನಲ್ಲಿತ್ತು.

ನೋಟ್‌ಬುಕ್ಕೂ ತೆಗೆದೆವು. ಅಂಗಡಿಯಲ್ಲಿ ಗೀಚಿದ ಸಾಲು ಹೀಗಿತ್ತು: 'ಅಂಗಡಿಯವರು: ಇವತ್ತಿಗೂ ಗುರಿ ತಪ್ಪಲ್ಲ. (ನಗು)'. ಅವರು ನಗುತ್ತಾ ಹೇಳಿದ್ದರು. ಆ ನಗುವನ್ನು ನಾವು ಬರೆದುಕೊಂಡೂ ಇದ್ದೆವು. ಅಚ್ಚಾದದ್ದರಲ್ಲಿ ನಗುವೂ ಇಲ್ಲ, 'ಎನ್ನುತ್ತಾರೆ' ಎಂಬ ಪದವೂ ಇಲ್ಲ. ಡೆಸ್ಕಿನವರು ಜಾಗ ಸಾಲದೆ ಕತ್ತರಿಸಿದ್ದಾರೆ ಎಂದು ಒಂದು ವಾರ ನಂಬಿಕೊಂಡೆವು, ಒಬ್ಬರಿಗೊಬ್ಬರು ಹೇಳಿಕೊಂಡೆವು. ಕೊನೆಗೆ ಕಳಿಸಿದ ಮೇಲ್ ಹುಡುಕಿದೆವು. ಡೆಸ್ಕು ಒಂದು ಅಕ್ಷರ ಮುಟ್ಟಿರಲಿಲ್ಲ. 'ಎನ್ನುತ್ತಾರೆ' ನಾವೇ ಬರೆದಿರಲಿಲ್ಲ. ಕೊನೆಯ ಸಾಲು ಕೇಳಲು ಚೆನ್ನಾಗಿರಬೇಕಲ್ಲ.

ನವೆಂಬರಿನಲ್ಲಿ ಮಾವ ಒಪ್ಪಿದರು. ಒಪ್ಪಿಸಿದ್ದು ನಾವಲ್ಲ. ಮಳೆ ನಿಲ್ಲದೆ, ಮಣ್ಣಿನ ಕಣದಲ್ಲಿ ಹಣ್ಣು ಕಾಫಿ ಬೂಸಲು ಹಿಡಿಯಲು ಶುರುವಾಯಿತು. ಅತ್ತೆ ಒಂದು ಹಿಡಿ ಬೂಸಲು ಕಾಫಿ ತಂದು ಕೋವಿ ಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟು, ಮಾತಾಡದೆ ಹೋದರು.

ಬಾಡಿಗೆ ಜೀಪಿನಲ್ಲಿ ಮೂವರೂ ಹೋದೆವು. ವಿನಾಯಿತಿ ಪತ್ರ, ಬಿಲ್ಲು, ಉಳ್ಳ ಎರಡು ತೋಟಾ, ತೂತು ಬಿದ್ದ ಪೇಪರು, ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿದ ಫೋಟೊ, ಎಲ್ಲ ಇತ್ತು. ಅಂಗಡಿಯವರು ಮರ್ಯಾದೆಯಿಂದ ಕೂರಿಸಿದರು. ಪೇಪರು ನೋಡಿದರು, ಫೋಟೊ ನೋಡಿದರು. ಬಿಲ್ಲು ತೆಗೆದು ಮೇಜಿನ ಮೇಲೆ ಇಟ್ಟರು.

"ಯಜಮಾನರೇ, ಇದರಲ್ಲಿ ಏನು ಬರೆದಿದೆ ಓದಿ. ಹಳೆಯ ರೈಫಲ್, ಇದ್ದ ಸ್ಥಿತಿಯಲ್ಲಿ. ಗುರಿ ತಪ್ಪುವುದಿಲ್ಲ ಎಂದು ನಾನು ಎಲ್ಲಿ ಬರೆದುಕೊಟ್ಟಿದ್ದೇನೆ?" ಗೋಡೆಯ ಕಡೆ ಕೈ ತೋರಿಸಿದರು. "ಬರೆದವರು ನಿಮ್ಮ ಪಕ್ಕದಲ್ಲಿ ಕೂತಿದ್ದಾರೆ."

ಲ್ಯಾಮಿನೇಷನ್ ಮಾಡಿದ ಲೇಖನದಲ್ಲಿ ಆ ಸಾಲಿನ ಕೆಳಗೆ ಯಾರೋ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದರು.

ನಮ್ಮಲ್ಲಿ ಒಬ್ಬರಿಗೆ ಸಿಟ್ಟು ಬಂತು, ಒಬ್ಬರಿಗೆ ಬಾಯಿ ಒಣಗಿತು. ನೋಟ್‌ಬುಕ್ ತೆರೆದು 'ಅಂಗಡಿಯವರು' ಎಂದು ಬರೆದದ್ದನ್ನು ತೋರಿಸಿದೆವು. ಅವರು ಮತ್ತೆ ನಕ್ಕರು, ಹಿಂದಿನ ಸಲ ನಕ್ಕ ಹಾಗೆಯೇ. "ವ್ಯಾಪಾರಸ್ಥ ತನ್ನ ಮಾಲು ಕೆಟ್ಟದ್ದು ಅನ್ನುತ್ತಾನಾ? ಅದನ್ನು ಕೇಳಿ ಬರೆಯಬೇಕಾದದ್ದು ಹೇಗೆ ಎಂದು ನಿಮಗೆ ಗೊತ್ತಿರಬೇಕಲ್ಲ." ಇದಕ್ಕೆ ನಮ್ಮ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಆಗ ಮಾವ ಮಾತಾಡಿದರು. ಅಷ್ಟು ಹೊತ್ತು ಸುಮ್ಮನಿದ್ದವರು. "ಹುಡುಗರು ತಪ್ಪು ಬರೆದರು. ಅದು ಅವರದು. ನಳಿಗೆ ಕತ್ತರಿಸಿದ್ದು ನಿಮಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಮಾತ್ರ ಹೇಳಿ. ಗೊತ್ತಿರಲಿಲ್ಲ ಎಂದರೆ ನಾನು ಈಗಲೇ ಎತ್ತಿಕೊಂಡು ಹೋಗುತ್ತೇನೆ."

ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು. ತುಂಬಾ ಹೊತ್ತು ಒರೆಸಿದರು. ಗೊತ್ತಿರಲಿಲ್ಲ ಎಂದು ಹೇಳಲಿಲ್ಲ.

ಚೌಕಾಸಿ ಶುರುವಾಯಿತು. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಅವಕಾಶ ಇದೆ ಎಂದು ನಾವು, ಕೋವಿ ಒಮ್ಮೆ ದಾಖಲೆಗೆ ಏರಿದ ಮೇಲೆ ಇಳಿಸುವುದು ತರಕಾರಿ ವಾಪಸ್ ಕೊಟ್ಟ ಹಾಗಲ್ಲ ಎಂದು ಅವರು. ಬೇಕಾದರೆ ಬೇರೆಯವರಿಗೆ ಮಾರಿಕೊಳ್ಳಿ ಎಂದೂ ಹೇಳಿದರು. ಖಾಸಗಿಯಾಗಿ ಮಾರುವುದಾದರೆ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು, ಅದು ಕಾಯ್ದೆಯಲ್ಲೇ ಇದೆ. ದಿನದ ಲೆಕ್ಕ ನಮಗೆ ಕಷ್ಟವಿರಲಿಲ್ಲ. "ಬೇಕಾದರೆ ಈ ಕಟಿಂಗ್ ಕೂಡ ಕೊಡುತ್ತೇನೆ, ಬೇಗ ಹೋಗುತ್ತದೆ" ಎಂದರು ನೋಡಿ, ಆಗ ಮೂವರೂ ಒಟ್ಟಿಗೆ ಬೇಡ ಎಂದೆವು.

ಕೊನೆಗೆ ಅವರು ಬಂದ ಲೆಕ್ಕ: ಕೊಟ್ಟ ಹಣದಲ್ಲಿ ಎಂಟರಲ್ಲಿ ಒಂದು ಪಾಲು ಮುರಿದುಕೊಂಡು, ಉಳಿದದ್ದು ಮೂರು ಕಂತಿನಲ್ಲಿ. ಒಂದು ಷರತ್ತು, ಅಂಗಡಿಯ ಹೆಸರು ಎಲ್ಲೂ ಬರೆಯಬಾರದು.

ಹೊರಗೆ ಬಂದು ರಸ್ತೆ ಬದಿ ನಿಂತು ಜಗಳವಾಡಿದೆವು. ನಮ್ಮಲ್ಲಿ ಒಬ್ಬರ ವಾದ, ಮಾವನ ಹಣ ಬರಲಿ, ನಮ್ಮ ತಪ್ಪಿಗೆ ಅವರು ಯಾಕೆ ಕಣ ಕಳೆದುಕೊಳ್ಳಬೇಕು. ಇನ್ನೊಬ್ಬರ ವಾದ, ಕೋವಿ ಮತ್ತೆ ಅದೇ ಗೋಡೆಗೆ ಏರುತ್ತದೆ, ನಾಳೆ ಇನ್ನೊಬ್ಬರ ಮಾವ ಬರುತ್ತಾರೆ, ಹಣಕ್ಕೆ ಬಾಯಿ ಮುಚ್ಚಿಕೊಂಡ ವರದಿಗಾರರ ಬಗ್ಗೆ ಕ್ಲಾಸಿನಲ್ಲಿ ಏನೇನು ಮಾತಾಡಿದ್ದೇವೆ ನೆನಪಿದೆಯಾ. ಎರಡೂ ಸರಿಯಾಗಿಯೇ ಇದ್ದವು. ಮಾವ ಜೀಪಿಗೆ ಒರಗಿ ನಿಂತು ಎರಡೂ ಕೇಳಿಸಿಕೊಂಡರು, ಏನೂ ಹೇಳಲಿಲ್ಲ.

ಒಳಗೆ ಹೋಗಿ ನಾವೂ ಎರಡು ಷರತ್ತು ಹಾಕಿದೆವು. ಗೋಡೆಯ ಮೇಲಿನ ಲೇಖನ ನಮಗೆ ಕೊಡಬೇಕು. ವಾಪಸ್ ಪಡೆದ ದಾಖಲೆಯಲ್ಲಿ ಕಾರಣವನ್ನು ಅವರ ಕೈಯಿಂದಲೇ ಬರೆಯಬೇಕು: 'ನಳಿಗೆಗಳನ್ನು ಮೊದಲೇ ಕತ್ತರಿಸಲಾಗಿದೆ. ಎರಡೂ ಒಂದೇ ಕಡೆ ಹೊಡೆಯುವುದಿಲ್ಲ.' ಮೊದಲನೆಯದಕ್ಕೆ ತಕ್ಷಣ ಒಪ್ಪಿದರು. ಎರಡನೆಯದಕ್ಕೆ ಪೆನ್ನು ಹಿಡಿದು ಕೂತರು, ಒಂದು ಫೋನಿಗೆ ಉತ್ತರ ಕೊಟ್ಟರು, ಮತ್ತೆ ಕೂತರು. ಬರೆದರು. ಅದರ ಫೋಟೊ ನಮ್ಮ ಹತ್ತಿರ ಇದೆ. ಮುಂದೆ ಕೊಳ್ಳಲು ಬಂದವರಿಗೆ ಆ ಪುಟ ತೋರಿಸುತ್ತಾರೋ ಇಲ್ಲವೋ ನಮಗೆ ಗೊತ್ತಿಲ್ಲ. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇವೆ, ಇಲ್ಲಿಯೂ ಬರೆದಿಲ್ಲ. ಅದು ಸರಿಯೋ ತಪ್ಪೋ ಎಂದು ಈಗಲೂ ತಿಂಗಳಿಗೊಮ್ಮೆ ಜಗಳವಾಡುತ್ತೇವೆ.

ಅವರು ಉಳಿದ ಎರಡು ತೋಟಾಗಳನ್ನೂ ಎಣಿಸಿ ಬರೆದುಕೊಂಡರು. ಕೋವಿಯನ್ನು ಒಳಗೆ ಒಯ್ಯುವ ಮೊದಲು ಮಾವ ಅದನ್ನು ಒಂದು ಸಲ ಎತ್ತಿ ಬಲ ಹೆಗಲ ಮೇಲೆ ಇಟ್ಟುಕೊಂಡರು. ಗುರಿ ಹಿಡಿಯಲಿಲ್ಲ, ಹೊರುವವರ ಹಾಗೆ ಸುಮ್ಮನೆ ಇಟ್ಟುಕೊಂಡು, ಅಂಗಡಿಯ ಬಾಗಿಲಿನವರೆಗೆ ನಡೆದು ವಾಪಸ್ ಬಂದರು. ಆಮೇಲೆ ಕೊಟ್ಟರು. ವಿನಾಯಿತಿ ಪತ್ರದಲ್ಲಿ ಆ ಕೋವಿಯ ನಂಬರು ತೆಗೆಸಲು ಕಚೇರಿಗೆ ಐದು ಸಲ ಓಡಾಡಿದ್ದು ಬೇರೆ ಕತೆ, ಇಲ್ಲಿ ಬೇಡ.

ಪತ್ರಿಕೆಗೆ ಒಂದು ತಿದ್ದುಪಡಿ ಕಳಿಸಿದೆವು. ಆರು ಸಾಲು. ಬ್ಯೂರೋದಿಂದ ಫೋನು ಬಂತು.

"ಯಾರಾದರೂ ನೋಟಿಸ್ ಕಳಿಸಿದ್ದಾರಾ?"

"ಇಲ್ಲ ಸಾರ್."

"ಯಾರಾದರೂ ದೂರು ಕೊಟ್ಟಿದ್ದಾರಾ?"

"ಇಲ್ಲ ಸಾರ್."

"ಮತ್ತೆ? ಒಂದು ವರ್ಷದ ಹಿಂದಿನ ಪುರವಣಿಗೆ ಯಾರಯ್ಯಾ ತಿದ್ದುಪಡಿ ಹಾಕುತ್ತಾರೆ? ಕಾಫಿ ಬೂಸಲು ಹಿಡಿದದ್ದಕ್ಕೆ ಪರಿಹಾರ ಕೇಳಿ ಬೆಳೆಗಾರರು ಏನೋ ಸಭೆ ಮಾಡುತ್ತಿದ್ದಾರಂತಲ್ಲ, ಅದು ಕಳಿಸಿ."

ಅದು ಕಳಿಸಿದೆವು. ಆ ಆರು ಸಾಲು ಅಚ್ಚಾಗಲಿಲ್ಲ. ಹಾಗಾಗಿ ಇಲ್ಲಿ: 2020ರ ಸೆಪ್ಟೆಂಬರಿನಲ್ಲಿ 'ಮನೆ ಬಿಟ್ಟ ಕೋವಿಗಳು' ಎಂಬ ಲೇಖನದಲ್ಲಿ ಒಂದು ಜೋಡುನಳಿಗೆ ರೈಫಲ್ ಗುರಿ ತಪ್ಪುವುದಿಲ್ಲ ಎಂದು ನಾವು ಬರೆದಿದ್ದೆವು. ಅದನ್ನು ನಾವು ಪರೀಕ್ಷಿಸಿರಲಿಲ್ಲ. ಮಾರುವವರು ಹೇಳಿದ್ದನ್ನು ನಮ್ಮ ಮಾತಾಗಿ ಬರೆದೆವು. ಆ ಕೋವಿ ಗುರಿ ತಪ್ಪುತ್ತದೆ.

ಮೊದಲ ಎರಡು ಕಂತು ಬಂದಿವೆ, ಮೂರನೆಯದು ಬಂದಿಲ್ಲ. ತಿಂಗಳ ಐದನೇ ತಾರೀಕು ಫೋನ್ ಮಾಡುತ್ತೇವೆ, ಮುಂದಿನ ತಿಂಗಳು ಎನ್ನುತ್ತಾರೆ. ಬಂದ ಹಣದಲ್ಲಿ ಕಣಕ್ಕೆ ಕಾಂಕ್ರೀಟ್ ಬಿದ್ದಿದೆ, ದರೆಯ ಕಡೆಯ ಒಂದು ಮೂಲೆ ಬಿಟ್ಟು. ಅಲ್ಲಿ ಅತ್ತೆ ಟಾರ್ಪಾಲು ಹಾಸಿ ಕರಿಮೆಣಸು ಒಣಗಿಸುತ್ತಾರೆ.